ಗುಜರಿ ಪಿಸಿಗಳ ಕ್ಲಸ್ಟರಿಗೆ ಯಾವ ಓಎಸ್?

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ವಿಲಿಯಂ ಹಾರ್‌ಗ್ರೋವ್ ಮತ್ತು ಫಾರೆಸ್ಟ್ ಹಾಫ್‌ಮನ್ ಅವರಿಗೆ 1996ರಲ್ಲಿ ತಮ್ಮ ದೇಶದ ಪರಿಸರ ವಲಯಗಳ ನಕ್ಷೆ ಬೇಕಾಗಿತ್ತು. ಚದರ ಕಿಲೋಮೀಟರಿಗೊಂದರಂತೆ ಸುಮಾರು 78 ಲಕ್ಷ ಚೌಕಗಳ ಲೆಕ್ಕ ಅದು. ಹೊಸ ಯಂತ್ರಗಳಿಗೆ ಹಣ ಸಿಗಲಿಲ್ಲ. ಮೂಲೆ ಸೇರಿದ್ದ 486, ಪೆಂಟಿಯಂ ಪಿಸಿಗಳನ್ನು ಕೂಡಿಹಾಕಿ, ಲಿನಕ್ಸ್ ಹಾಕಿ ಜೋಡಿಸಿದರು. ಊರವರೆಲ್ಲ ಒಂದೊಂದು ತರಕಾರಿ ತಂದು ಕಲ್ಲಿನ ಸಾರು ಮಾಡಿದ ಕಥೆಯಿಂದ ಅದರ ಹೆಸರು ಬಂತು: ಸ್ಟೋನ್ ಸೂಪರ್‌ಕಂಪ್ಯೂಟರ್ (Stone SouperComputer). ‘ಸೂಪ್’ ಹೆಸರಿನೊಳಗೇ ಕುಳಿತಿದೆ.

ಇಂಥ ಕ್ಲಸ್ಟರಿಗೆ, ಅಂದರೆ ಒಂದೇ ಲೆಕ್ಕವನ್ನು ಹಂಚಿಕೊಳ್ಳುವ ಪಿಸಿಗಳ ಗುಂಪಿಗೆ, ಹಗುರ ಓಎಸ್ (ಆಪರೇಟಿಂಗ್ ಸಿಸ್ಟಂ) ಏಕೆ? ವೇಗ ಹೆಚ್ಚುತ್ತದೆ ಎಂದು ನಾನೂ ಮೊದಲು ತಪ್ಪು ತಿಳಿದಿದ್ದೆ. ಹಳೆಯ ಪ್ರೊಸೆಸರ್ ಹಳೆಯದೇ. ಉಳಿತಾಯವಾಗುವುದು ಮೆಮೊರಿ. ಲೆಕ್ಕ ಮಾಡುವ ನೋಡ್‌ಗೆ (ಕ್ಲಸ್ಟರಿನ ಒಂದೊಂದು ಪಿಸಿಗೆ) ಡೆಸ್ಕ್‌ಟಾಪ್, ಧ್ವನಿ, ಪ್ರಿಂಟರ್ ಯಾವುದೂ ಬೇಡ. ನೆಟ್‌ವರ್ಕ್, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್, ನೋಡ್‌ಗಳು ಪರಸ್ಪರ ಸಂದೇಶ ಕಳಿಸಿಕೊಳ್ಳಲು ಎಂಪಿಐ ಇದ್ದರೆ ಸಾಕು. ಆಲ್ಪೈನ್ ಲಿನಕ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಪ್ರೋಗ್ರಾಮುಗಳೆಲ್ಲ ನೆಚ್ಚಿಕೊಳ್ಳುವ ಮೂಲ ಸಿ ಲೈಬ್ರರಿಯಾಗಿ ಅದರಲ್ಲಿರುವುದು ಗ್ಲಿಬ್‌ಸಿ ಅಲ್ಲ, ಮಸಲ್. ಗ್ಲಿಬ್‌ಸಿ ಬಳಸುವ ಡೆಬಿಯನ್ ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಮನ್ನು ತಂದಿಟ್ಟರೆ ಸಾಮಾನ್ಯವಾಗಿ ಓಡುವುದಿಲ್ಲ. ಫೈಲ್ ಕಣ್ಣೆದುರಿಗೇ ಇದ್ದರೂ ‘ಫೈಲ್ ಸಿಗಲಿಲ್ಲ’ ಎನ್ನುವ ಶೆಲ್ಲಿನ ಮಾತಿಗೆ ನಾನು ಒಂದು ಸಂಜೆ ಕಳೆದುಕೊಂಡೆ. ಅದು ಹುಡುಕುತ್ತಿದ್ದದ್ದು ಪ್ರೋಗ್ರಾಮನ್ನಲ್ಲ, ಅದನ್ನು ಓಡಿಸುವ ಗ್ಲಿಬ್‌ಸಿಯ ಲೋಡರನ್ನು. ಆಲ್ಪೈನ್‌ನಲ್ಲೇ ಮತ್ತೆ ಕಂಪೈಲ್ ಮಾಡಿ.

ಹಗುರಕ್ಕಿಂತ ಮುಖ್ಯವಾದದ್ದು ಎಲ್ಲ ನೋಡ್‌ಗಳೂ ಒಂದೇ ಅಚ್ಚಿನಲ್ಲಿರುವುದು. ಒಂದರಲ್ಲಿ ಎಂಪಿಐನ ಬೇರೆ ಆವೃತ್ತಿ ಇದ್ದರೂ ಕೆಲಸ ಆರಂಭದಲ್ಲೇ ಮುಗ್ಗರಿಸಬಹುದು. ಆದ್ದರಿಂದ ಪ್ರತಿ ಡಿಸ್ಕಿಗೂ ಬೇರೆ ಬೇರೆ ಓಎಸ್ ಹಾಕುವ ಗೋಜು ಬೇಡ. ಬಯೋಸ್‌ನಲ್ಲಿ ನೆಟ್‌ವರ್ಕ್ ಬೂಟ್ ಆಯ್ದುಕೊಂಡರೆ ನೋಡ್ ಮುಖ್ಯ ಯಂತ್ರದ ಡಿಎಚ್‌ಸಿಪಿ ಸೇವೆಯಿಂದ ತನ್ನ ನೆಟ್‌ವರ್ಕ್ ವಿಳಾಸವನ್ನೂ, ಟಿಎಫ್‌ಟಿಪಿ ಸೇವೆಯಿಂದ ಓಎಸ್‌ನ ತಿರುಳಾದ ಕರ್ನೆಲ್ಲನ್ನೂ ಪಡೆದು ಏಳುತ್ತದೆ. ಡೆಬಿಯನ್ ಆಧಾರಿತ ಪೆಲಿಕಾನ್ ಎಚ್‌ಪಿಸಿ ಮಾಡುತ್ತಿದ್ದದ್ದೂ ಇದನ್ನೇ: ಒಂದು ಯಂತ್ರವನ್ನು ಸಿಡಿಯಿಂದ ಎಬ್ಬಿಸಿದರೆ ಉಳಿದವು ಅದರ ಬೆನ್ನು ಹತ್ತಿ ಏಳುತ್ತಿದ್ದವು. ಕ್ಲಸ್ಟರ್‌ನಾಪಿಕ್ಸ್ ಇನ್ನೂ ಮುಂದೆ ಹೋಗಿ, ಓಪನ್‌ಮೊಸಿಕ್ಸ್ ಮೂಲಕ ಓಡುತ್ತಿರುವ ಪ್ರಕ್ರಿಯೆಗಳನ್ನೇ ಬಿಡುವಾಗಿರುವ ಯಂತ್ರಕ್ಕೆ ಸಾಗಿಸುತ್ತಿತ್ತು. ಓಪನ್‌ಮೊಸಿಕ್ಸ್ 2008ರಲ್ಲಿ ನಿಂತುಹೋಯಿತು. ಹಳೆಯ ಪಾಠಗಳಲ್ಲಿ ಅದರ ಹೆಸರು ಕಂಡರೆ ಓದಿ ಬಿಡಿ, ಹುಡುಕಬೇಡಿ.

ಓಎಸ್ ಒಂದೇ ಇದ್ದರೂ ಯಂತ್ರಗಳು ಒಂದೇ ಅಲ್ಲವಲ್ಲ. ನೂರು ತುಂಡು ಕೆಲಸವನ್ನು ನಾಲ್ಕು ನೋಡ್‌ಗಳಿಗೆ ಇಪ್ಪತ್ತೈದರಂತೆ ಹಂಚಿದಿರಿ ಎನ್ನೋಣ. ಮೂರು ನೋಡ್‌ಗಳು ಹತ್ತು ನಿಮಿಷದಲ್ಲಿ ಮುಗಿಸಿ ಕುಳಿತಿವೆ, ನಾಲ್ಕನೆಯದಕ್ಕೆ ಇಪ್ಪತ್ತೈದು ಬೇಕು. ನಿಮ್ಮ ಉತ್ತರ ಬರುವುದು ಇಪ್ಪತ್ತೈದನೆಯ ನಿಮಿಷಕ್ಕೆ. ಒಂದೊಂದೇ ತುಂಡು ಕೊಟ್ಟು, ಮುಗಿಸಿ ಬಂದವರಿಗೆ ಮತ್ತೊಂದು ಕೊಟ್ಟರೆ ಸುಮಾರು ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ನಿಧಾನದ ನೋಡ್ ಆಗ ಸುಮಾರು ಹನ್ನೆರಡು ತುಂಡುಗಳನ್ನಷ್ಟೇ ಮಾಡಿರುತ್ತದೆ.