ಸಂಬಳ ಹೆಚ್ಚಿಸಿದರೂ ಟೈಲರ್‌ಗಳು ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಪೀಣ್ಯದ ಬಳಿ ನಮ್ಮದೊಂದು ಸಣ್ಣ ಗಾರ್ಮೆಂಟ್ಸ್ ಇದೆ. ಸಂಬಳ ಹೆಚ್ಚಿಸಿದೆವು. ಒಂದೇ ಕೆಲಸ ಬೇಸರ ತರುತ್ತದೆಂದು ಆಗಾಗ ಮಷೀನ್ ಬದಲಿಸಿಯೂ ಕೊಟ್ಟೆವು. ಆದರೂ ಟೈಲರ್‌ಗಳು ಬಿಟ್ಟು ಹೋಗುತ್ತಲೇ ಇದ್ದಾರೆ. ಏಕೆ?

ಉತ್ತರ: ಸಂಬಳ ಹೆಚ್ಚಿಸಿದ್ದು ಸರಿಯೇ. 1913ರಲ್ಲಿ, ಅಂದರೆ ಕಾರು ಮುಂದೆ ಸಾಗುತ್ತಿದ್ದಂತೆ ಒಬ್ಬೊಬ್ಬರು ಒಂದೊಂದು ಭಾಗ ಜೋಡಿಸುವ ಚಲಿಸುವ ಜೋಡಣಾ ಸಾಲು ಬಂದ ವರ್ಷ, ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ 370ಕ್ಕೆ ಮುಟ್ಟಿತ್ತು, ಅಂದರೆ ನೂರು ಜಾಗಗಳಿಗೆ ವರ್ಷಕ್ಕೆ 370 ಮಂದಿ ಬಿಟ್ಟು ಹೋಗುತ್ತಿದ್ದರು. ಮರುವರ್ಷ ದಿನಗೂಲಿಯನ್ನು ಐದು ಡಾಲರ್‌ಗೆ ಏರಿಸಿದ ಮೇಲೆ ಅದು ಇಳಿಯಿತು. ಆದರೆ ದುಡ್ಡು ಜನರನ್ನು ಉಳಿಸಿಕೊಂಡೀತೇ ಹೊರತು ಕೆಲಸವನ್ನು ಹಿತವಾಗಿಸದು. ಪಕ್ಕದ ಗಾರ್ಮೆಂಟ್ಸ್ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಹೊರಟರು.

ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು 1970ರ ದಶಕದಲ್ಲಿ ಕೆಲಸದ ಐದು ಗುಣಗಳನ್ನು ಗುರುತಿಸಿದರು: ಕೌಶಲದ ವೈವಿಧ್ಯ, ಒಂದು ವಸ್ತುವನ್ನು ಪೂರ್ತಿಯಾಗಿ ಮಾಡಿದ ಭಾವ, ಆ ಕೆಲಸದಿಂದ ಇತರರಿಗಾಗುವ ಉಪಯೋಗ, ಸ್ವಾತಂತ್ರ್ಯ, ಮತ್ತು ಮಾಡಿದ್ದು ಹೇಗಾಯಿತೆಂದು ತಿಳಿಯುವುದು. ಕೆಲಸ ಎಷ್ಟು ಹುರುಪು ತರುತ್ತದೆಂದು ಅಳೆಯುವ ಅವರ ಸೂತ್ರದಲ್ಲಿ ಮೊದಲ ಮೂರರ ಸರಾಸರಿಯನ್ನು ಕೊನೆಯ ಎರಡರಿಂದ ಗುಣಿಸಬೇಕು. ಹಾಗಾಗಿ ಸ್ವಾತಂತ್ರ್ಯ ತಳ ಕಚ್ಚಿದರೆ ವೈವಿಧ್ಯ ಎಷ್ಟಿದ್ದರೂ ಒಟ್ಟು ಅಂಕ ಮೇಲೇಳದು.

ನೀವು ಕೈ ಹಾಕಿದ್ದು ವೈವಿಧ್ಯಕ್ಕೆ ಮಾತ್ರ. ಕಾಲರ್ ಹೊಲಿದು ಪಳಗಿದವರನ್ನು ಕಫ್‌ಗೆ ಕೂರಿಸಿದಾಗ ಕೈ ನಿಧಾನವಾಗುತ್ತದೆ. ಗಂಟೆಯ ಟಾರ್ಗೆಟ್ ಮಾತ್ರ ಇಳಿಯುವುದಿಲ್ಲ. ಬದಲಾವಣೆ ಬೇಕೇ ಎಂದು ಅವರನ್ನು ಯಾರೂ ಕೇಳಿಯೂ ಇರುವುದಿಲ್ಲ. ಬೇಸರಕ್ಕೆಂದು ಕೊಟ್ಟ ಮದ್ದು ಬೈಗುಳವಾಗಿ ತಿರುಗಿತು, ಅಷ್ಟೆ. ಶೌಚಾಲಯಕ್ಕೆ ಹೋಗಲೂ ಸೂಪರ್‌ವೈಸರ್ ಮುಖ ನೋಡಬೇಕಾದ ಕಡೆ ಮಷೀನ್ ಯಾವುದಾದರೇನು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಉದಾಹರಣೆ ಇಲ್ಲಿ ಉಪಯುಕ್ತ. ಗೈರುಹಾಜರಿ, ಕಳಪೆ ಗುಣಮಟ್ಟಗಳಿಗೆ ಹೆಸರಾಗಿದ್ದ ಅಲ್ಲಿನ ಜನರಲ್ ಮೋಟಾರ್ಸ್ ಕಾರು ಕಾರ್ಖಾನೆ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ಅದನ್ನು ಮತ್ತೆ ತೆರೆದಾಗ ಬಹುಪಾಲು ಹಳೆಯ ಕಾರ್ಮಿಕರೇ ಬಂದರು, ಸಂಘವೂ ಅದೇ. ಒಂದು ನಿಮಿಷಕ್ಕೊಮ್ಮೆ ಮರುಕಳಿಸುವ ಕೆಲಸವೂ ತಪ್ಪಲಿಲ್ಲ. ಆದರೆ ದೋಷ ಕಂಡವರು ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದಿತ್ತು. ಕೆಲಸದ ಕ್ರಮವನ್ನು ಬರೆಯುವುದರಲ್ಲಿ ತಂಡದವರೇ ಪಾಲುಗೊಳ್ಳುತ್ತಿದ್ದರು. ಗೈರುಹಾಜರಿ ಗಣನೀಯವಾಗಿ ಇಳಿಯಿತು, ಗುಣಮಟ್ಟ ಏರಿತು. ಅದೇನೂ ಸ್ವರ್ಗವಾಗಿರಲಿಲ್ಲ, ವೇಗದ ಒತ್ತಡದ ಬಗ್ಗೆ ದೂರುಗಳಿದ್ದವು.

ನಿಮ್ಮಲ್ಲಿ ಒಂದು ಬ್ಯಾಚಿನಿಂದ ಆರಂಭಿಸಿ. ಮಷೀನ್ ಬದಲಿಸುವುದನ್ನು ಟೈಲರ್‌ಗಳೇ ತಮ್ಮತಮ್ಮಲ್ಲಿ ತೀರ್ಮಾನಿಸಲಿ, ಕಲಿಯುವ ದಿನಗಳಲ್ಲಿ ಟಾರ್ಗೆಟ್ ಇಳಿಸಿ. ಚೆಕಿಂಗ್‌ನಲ್ಲಿ ಸಿಕ್ಕ ತಪ್ಪು ಪೀಸ್ ಆಗಲೇ ಹೊಲಿದವರ ಕೈ ಸೇರಲಿ, ಬೈಗುಳವಿಲ್ಲದೆ. ಎಲ್ಲರಿಗೂ ಹೊಸ ಹೊಣೆ ಬೇಕೆಂದೇನೂ ಇಲ್ಲ. ಶಾಲೆಯಿಂದ ಮಗುವನ್ನು ಕರೆತರಬೇಕಾದ ತಾಯಿ ಮೊದಲು ಕೇಳುವುದು ಹೊತ್ತಿಗೆ ಸರಿಯಾಗಿ ಬಿಡುವುದನ್ನು.