ಹೊದಿಕೆಯ ಮೇಲಿನ ಇಸವಿ

ಹಳೆಯ ಹೋಮ್ ಕಂಪ್ಯೂಟರ್ ಆಟಗಳಿಗೆ ಬೆಲೆ ಕಟ್ಟುವ ಕೆಲಸದಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ಮಾತು, ‘ಇದು 1984ರದು, ಇಲ್ಲೇ ಬರೆದಿದೆ ನೋಡಿ’ ಎಂಬುದು. ಹೇಳುವವರ ಬೆರಳು ಆಟವನ್ನು ತುಂಬಿ ಮಾರುತ್ತಿದ್ದ ಕ್ಯಾಸೆಟ್ಟಿನ ಹೊದಿಕೆ ಕಾಗದದ ಅಂಚಿನಲ್ಲಿ, ವೃತ್ತದೊಳಗಿನ ಸಿ ಅಕ್ಷರದ ಪಕ್ಕದ ಇಸವಿಯ ಮೇಲಿರುತ್ತದೆ. ಅದು ಹಕ್ಕುಸ್ವಾಮ್ಯದ ಇಸವಿ. ಆಟ ಹುಟ್ಟಿದ್ದು ಯಾವಾಗ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು, ನಿಮ್ಮ ಕೈಯಲ್ಲಿರುವ ಪ್ರತಿ ತಯಾರಾದದ್ದು ಯಾವಾಗ ಎಂಬುದನ್ನು ತಿಳಿಸುವುದಿಲ್ಲ. ಪುಸ್ತಕವಾದರೆ ಎಷ್ಟನೆಯ ಮುದ್ರಣವೆಂದು ಒಳಪುಟದಲ್ಲಿ ಅಚ್ಚು ಹಾಕಿರುತ್ತಾರೆ. ಕ್ಯಾಸೆಟ್ ತಯಾರಿಸಿದವರು ಸಾಮಾನ್ಯವಾಗಿ ಆ ಸೌಜನ್ಯ ತೋರಲಿಲ್ಲ.

ಇದನ್ನು ಎಷ್ಟು ಸಲ ವಿವರಿಸಿದರೂ ಸಾಲದು ಎನಿಸುವುದರಿಂದ ಇನ್ನೊಮ್ಮೆ ಹೇಳುತ್ತೇನೆ. ಎಂಬತ್ತರ ದಶಕದ ಬ್ರಿಟನ್ನಿನಲ್ಲಿ ಒಂದು ಆಟ ಮೊದಲು ಪೂರ್ಣ ಬೆಲೆಗೆ ಮಾರಾಟವಾಗಿ, ಅದರ ಬೇಡಿಕೆ ಇಳಿದ ಮೇಲೆ ಅಗ್ಗದ ಮಾಲಿಕೆಯೊಂದರಲ್ಲಿ ಮರಳಿ ಬರುವುದು ವಾಡಿಕೆಯಾಗಿತ್ತು. ಮಾಸ್ಟರ್‌ಟ್ರಾನಿಕ್ ಸಂಸ್ಥೆ 1.99 ಪೌಂಡಿಗೆ ಆಟಗಳನ್ನು ಮಾರಿ ಈ ಅಗ್ಗದ ಮಾರುಕಟ್ಟೆಗೆ ದಾರಿ ಮಾಡಿದ ನಂತರ, ಓಷನ್ ಸಂಸ್ಥೆ ‘ದಿ ಹಿಟ್ ಸ್ಕ್ವಾಡ್’ ಎಂಬ ಹೆಸರಿನಲ್ಲಿಯೂ, ಯು.ಎಸ್. ಗೋಲ್ಡ್ ‘ಕಿಕ್ಸ್’ ಎಂಬ ಹೆಸರಿನಲ್ಲಿಯೂ ತಮ್ಮ ಹಳೆಯ ಆಟಗಳನ್ನು ಮತ್ತೆ ಹೊರತಂದವು. ಹೀಗೆ ಮರಳಿ ಬಂದ ಪ್ರತಿಗಳ ಮೇಲೆ ಮೊದಲಿನ ಹಕ್ಕುಸ್ವಾಮ್ಯದ ಇಸವಿಯೇ ಇರುವುದು ಸಹಜ, ಏಕೆಂದರೆ ಆಟ ಅದೇ. ಆದರೆ ಸಂಗ್ರಾಹಕನು ಕೊಳ್ಳುವುದು ಆಟವನ್ನಲ್ಲ, ಆ ಪ್ರತಿಯನ್ನು. ಆಟವಷ್ಟೇ ಬೇಕಿದ್ದರೆ ಅವನು ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಆಡಿಕೊಳ್ಳುತ್ತಾನೆ.

ಹಾಗಾದರೆ ಏನನ್ನು ನೋಡಬೇಕು? ಹೊದಿಕೆಯ ಮೇಲಿನ ಪ್ರಕಾಶಕರ ಹೆಸರು ಕ್ಯಾಸೆಟ್ಟಿನ ಮೈಮೇಲಿನ ಹೆಸರಿಗೆ ಹೊಂದುತ್ತದೆಯೇ, ಕ್ಯಾಟಲಾಗ್ ಸಂಖ್ಯೆ ಎರಡರಲ್ಲೂ ಒಂದೇ ಆಗಿದೆಯೇ, ಹೊದಿಕೆಯ ಒಳಮಗ್ಗುಲಲ್ಲಿ ಅದೇ ಸಂಸ್ಥೆಯ ಬೇರೆ ಆಟಗಳ ಜಾಹೀರಾತಿದ್ದರೆ ಅವು ಯಾವ ವರ್ಷದವು, ಇಷ್ಟನ್ನು ನೋಡಬೇಕು. 1984 ಎಂದು ನಮೂದಿಸಿರುವ ಕಾಗದ 1987ರ ಆಟವೊಂದನ್ನು ಹೊಗಳುತ್ತಿದ್ದರೆ ಆ ಕಾಗದದ ವಯಸ್ಸು ತಾನೇ ಗೊತ್ತಾಗುತ್ತದೆ.

ಒಂದೇ ವರ್ಷದೊಳಗೂ ಎರಡು ಬಗೆಯ ಪ್ರತಿಗಳಿರಬಹುದು. ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹೋಮ್ ಕಂಪ್ಯೂಟರಿಗಾಗಿ ಮ್ಯಾಥ್ಯೂ ಸ್ಮಿತ್ ಬರೆದ ‘ಮ್ಯಾನಿಕ್ ಮೈನರ್’ ಆಟವನ್ನು 1983ರಲ್ಲಿ ಮೊದಲು ಬಗ್-ಬೈಟ್ ಸಂಸ್ಥೆ ಪ್ರಕಟಿಸಿತು. ಅನತಿಕಾಲದಲ್ಲೇ ಅದು ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಸಂಸ್ಥೆಯ ಮೂಲಕ, ಕೆಲವು ಸಣ್ಣ ಬದಲಾವಣೆಗಳೊಂದಿಗೆ ಬಂದಿತು. ನಿವೃತ್ತರೊಬ್ಬರು ತಮ್ಮ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಹೊದಿಕೆ ಬಗ್-ಬೈಟ್‌ನದೇ ಆಗಿತ್ತು, ಆದರೆ ಕ್ಯಾಸೆಟ್ಟಿನ ಮೇಲಿನ ಅಚ್ಚು ಉಜ್ಜಿಹೋಗಿ ಏನೂ ಓದಲಾಗುತ್ತಿರಲಿಲ್ಲ. ಟೇಪನ್ನು ಪ್ಲೇಯರಿನ ಓದುವ ತಲೆಗೆ (ಹೆಡ್) ಒತ್ತುವ ಪುಟ್ಟ ಮೆತ್ತೆ ಕಳಚಿಲ್ಲವೆಂದು ಖಚಿತಪಡಿಸಿಕೊಂಡು ಲೋಡ್ ಮಾಡಿದೆವು. ಬಗ್-ಬೈಟ್ ಆವೃತ್ತಿಯಲ್ಲಿ ಬೇಕಾದ ಕೋಣೆಗೆ ಜಿಗಿಯುವ ಗುಪ್ತ ಸಂಕೇತ 6031769. ಇನ್ನೊಂದರಲ್ಲಿ ‘ಟೈಪ್‌ರೈಟರ್’ ಎಂಬ ಪದ. ಅಂಕಿಗಳಿಗೆ ಆಟ ಮಿಸುಕಲಿಲ್ಲ, ಪದಕ್ಕೆ ಸ್ಪಂದಿಸಿತು; ಅಂದರೆ ಒಳಗಿದ್ದದ್ದು ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಕ್ಯಾಸೆಟ್. ಯಾವುದೋ ಕಾಲದಲ್ಲಿ ಅವರ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಪ್ರತಿಗಳು ಅದಲುಬದಲಾಗಿದ್ದಿರಬೇಕು. ಬೆಲೆ ಇಳಿಯಿತೆಂದು ಅವರು ನೊಂದುಕೊಳ್ಳುವರೆಂದು ನಾನು ಅಂಜಿದ್ದೆ. ಅವರಾದರೋ ಮೂರನೆಯ ಕೋಣೆ ದಾಟುವವರೆಗೆ ಕುರ್ಚಿ ಬಿಟ್ಟೇಳಲಿಲ್ಲ. ಹಾಗೆಂದು ಎಲ್ಲರೂ ಮನೆಯಲ್ಲಿ ಇಂಥ ಪರೀಕ್ಷೆ ಮಾಡಿ ನೋಡಬೇಕೆಂದು ನಾನು ಹೇಳುತ್ತಿಲ್ಲ. ನಲವತ್ತು ವರ್ಷದ ಟೇಪನ್ನು ಸರಿಯಿಲ್ಲದ ಪ್ಲೇಯರಿಗೆ ಹಾಕಿದರೆ ಅದು ಸುತ್ತಿಕೊಂಡು ಹರಿಯಬಹುದು.

ಪೆಟ್ಟಿಗೆಯೊಳಗೆ ಏನೇನಿರಬೇಕು ಎಂಬುದು ಇನ್ನೊಂದು ವಿಷಯ. ‘ಜೆಟ್ ಸೆಟ್ ವಿಲ್ಲಿ’ ಆಟದ ಬಣ್ಣದ ಸಂಕೇತಗಳ ಕಾರ್ಡು, ಸ್ಪೆಕ್ಟ್ರಮ್‌ನ ‘ಎಲೀಟ್’ ಆಟದ ಜೊತೆಗೆ ಬರುತ್ತಿದ್ದ, ಪರದೆಯ ಮೇಲಿನ ಕಲಸಿದ ಅಕ್ಷರಗಳನ್ನು ಬಿಡಿಸಿ ತೋರಿಸುವ ಲೆನ್ಸ್‌ಲಾಕ್ ಎಂಬ ಪ್ಲಾಸ್ಟಿಕ್ ಮಸೂರ, ಇವು ನಕಲು ತಡೆಯುವ ಸಾಧನಗಳಾಗಿದ್ದುದರಿಂದ ಇವಿಲ್ಲದ ಪ್ರತಿ ಅಪೂರ್ಣವೇ. ಇನ್ಫೋಕಾಮ್ ಸಂಸ್ಥೆ 1984ರಲ್ಲಿ ಹೊರತಂದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಆಟದ ಪೆಟ್ಟಿಗೆಯಲ್ಲಿ ಕಪ್ಪು ರಟ್ಟಿನ ಕನ್ನಡಕ, ಜೇಬಿನ ಜುಂಗು ಮುಂತಾದವುಗಳ ಜೊತೆಗೆ ಒಂದು ಖಾಲಿ ಪ್ಲಾಸ್ಟಿಕ್ ಚೀಲವೂ ಇರುತ್ತಿತ್ತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಹ್ಯಾಕಾಶ ನೌಕಾಪಡೆ ಇದೆಯೆಂಬುದು ತಮಾಷೆ. ಪೆಟ್ಟಿಗೆಯನ್ನು ಒಪ್ಪವಾಗಿ ಒರೆಸಿ, ಜುಂಗನ್ನೂ ಖಾಲಿ ಚೀಲವನ್ನೂ ಕಸಕ್ಕೆ ಹಾಕಿ, ‘ಎಲ್ಲ ಶುಚಿ ಮಾಡಿದ್ದೇನೆ’ ಎಂದು ಸಂತೋಷದಿಂದ ತಂದುಕೊಟ್ಟ ಮಹನೀಯರೊಬ್ಬರಿಗೆ ಅದನ್ನು ಹೇಗೆ ತಿಳಿಸುವುದೆಂದು ನನಗೆ ಬಹಳ ಹೊತ್ತು ತೋಚಲಿಲ್ಲ. ದಯವಿಟ್ಟು ಏನನ್ನೂ ಎಸೆಯಬೇಡಿ. ಆರಂಭದ ವರ್ಷಗಳ ಕೆಲವು ಆಟಗಳು, ರಿಚರ್ಡ್ ಗ್ಯಾರಿಯಟ್ ಅವರ ‘ಅಕಲಬೆತ್’ ಸೇರಿದಂತೆ, ಜಿಪ್‌ಲಾಕ್ ಚೀಲದಲ್ಲೇ ಮಾರಾಟವಾದವು; ಅಲ್ಲಿ ಚೀಲವೇ ಪೆಟ್ಟಿಗೆ.

ಹರಾಜು ತಾಣಗಳಲ್ಲಿ ಮಾರುವವರು ಕೇಳುತ್ತಿರುವ ಬೆಲೆಯನ್ನು ನನಗೆ ತೋರಿಸುವುದರಿಂದ ಪ್ರಯೋಜನವಿಲ್ಲ. ಮಾರಾಟ ಮುಗಿದ ಬೆಲೆಗಳನ್ನು, ಅವೂ ಇದೇ ಆವೃತ್ತಿಯ, ಇದೇ ಸ್ಥಿತಿಯ ಪ್ರತಿಗಳದಾಗಿದ್ದರೆ ಮಾತ್ರ, ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಚಿತ್ರ ನೋಡಿ ಹೇಳುವ ಅಂದಾಜು ಅಂದಾಜೇ; ಪ್ರತಿಯನ್ನು ಕೈಯಲ್ಲಿ ಹಿಡಿದ ಮೇಲೆ ಅದು ಬದಲಾಗಬಹುದು. ಆದರೂ ಚಿತ್ರ ಕಳುಹಿಸುವವರು ಹೊದಿಕೆ ಕಾಗದವನ್ನು ಪೂರ್ತಿ ಬಿಡಿಸಿ ಅದರ ಎರಡೂ ಮಗ್ಗುಲನ್ನು, ಕ್ಯಾಸೆಟ್ಟಿನ ಎರಡೂ ಬದಿಯನ್ನು, ಕ್ಯಾಟಲಾಗ್ ಸಂಖ್ಯೆಯನ್ನು ಸ್ಪಷ್ಟವಾಗಿ ತೆಗೆದು ಕಳುಹಿಸಿ. ಇಸವಿಯದು ಮಾತ್ರ ಬೇಡ. ಅಂಥ ಚಿತ್ರಗಳು ನನ್ನ ಬಳಿ ಸಾಕಷ್ಟಿವೆ.