ಕ್ಯಾನ್ಸರ್ ಗಡ್ಡೆಯ ರಕ್ತನಾಳ ತಡೆಯುವ ಗಿಡಗಳು: ಅರಿಶಿನದಿಂದ ನಿತ್ಯಪುಷ್ಪದವರೆಗೆ

ಕಲಬುರಗಿ ಕಡೆ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಸಾಕು, ನೋಡಲು ಬಂದವರು ಒಂದು ಸಲಹೆ ಕೊಟ್ಟೇ ಹೋಗುತ್ತಾರೆ: “ದಿನಾ ಅರಿಶಿಣ ನೀರಾಗ ಕಲಸಿ ಕುಡೀರಿ, ಗಡ್ಡಿಗಿ ರಕ್ತ ಹೋಗೋದೇ ನಿಂದರ್ತದ.” ವಾಟ್ಸ್‌ಆ್ಯಪ್‌ನಲ್ಲೂ ಇದೇ ಮಾತು ಓಡಾಡುತ್ತದೆ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಆದರೆ ಇದರ ಹಿಂದೆ ಅರ್ಧ ಶತಮಾನದ ವಿಜ್ಞಾನ ಇದೆ. ಅದರ ಮೊದಲರ್ಧ ಮಾತ್ರ ನಮ್ಮ ಊರುಗಳಿಗೆ ಬಂದು ಮುಟ್ಟಿದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಜೂಡಾ ಫೋಕ್‌ಮನ್ ಎಂಬ ಯುವ ಸರ್ಜನ್ ಇದ್ದರು. ಅವರೂ ಫ್ರೆಡರಿಕ್ ಬೆಕರ್ ಅವರೂ ಥೈರಾಯ್ಡ್ ಗ್ರಂಥಿಯನ್ನು ದೇಹದಿಂದ ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ಜೀವಂತ ಇಟ್ಟಿದ್ದರು. ಅದರಲ್ಲಿ ಕ್ಯಾನ್ಸರ್ ಕೋಶಗಳನ್ನು ಇಟ್ಟರು. ಅವು ಗುಂಡುಸೂಜಿ ತಲೆಯಷ್ಟು ಬೆಳೆದು ನಿಂತುಬಿಟ್ಟವು. ಸತ್ತಿರಲಿಲ್ಲ. ಅದೇ ಕೋಶಗಳನ್ನು ಇಲಿಯೊಳಗೆ ಇಟ್ಟಾಗ ಭರಭರ ಬೆಳೆದವು. ಇಲಿಯಲ್ಲಿ ಗಡ್ಡೆಗೆ ಹೊಸ ರಕ್ತನಾಳ ಬಂದಿತ್ತು, ಗಾಜಿನ ಪಾತ್ರೆಯಲ್ಲಿ ಬಂದಿರಲಿಲ್ಲ. ದೂರದ ಹೊಲಕ್ಕೆ ಬಾವಿಯಿಂದ ಪೈಪು ಎಳೆದ ಹಾಗೆ, ಗಡ್ಡೆ ಅಕ್ಕಪಕ್ಕದ ನಾಳಗಳಿಂದ ತನಗೆ ಬೇಕಾದ ರಕ್ತ ಎಳೆದುಕೊಳ್ಳುತ್ತದೆ. ಈ ನಾಳ ಬರದ ಹಾಗೆ ಮಾಡಿದರೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು ಅಂತ ಫೋಕ್‌ಮನ್ 1971ರಲ್ಲಿ ಬರೆದರು. ಬಹಳ ವರ್ಷ ಹೆಚ್ಚಿನವರು ನಂಬಲಿಲ್ಲ. 1989ರಲ್ಲಿ ನೆಪೋಲಿಯೋನ್ ಫೆರಾರಾ ಅವರ ತಂಡ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಪತ್ತೆ ಮಾಡಿದ ಮೇಲೆ ಲೆಕ್ಕ ಬದಲಾಯಿತು. ಅದನ್ನು ಕಟ್ಟಿಹಾಕುವ ಬೆವಾಸಿಜುಮಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಈ ನಡುವೆಯೇ ಗಿಡಗಳ ಕಡೆ ಗಮನ ಹೋಯಿತು. ಸಸ್ಯಾಹಾರ ತಿನ್ನುವ ಆರೋಗ್ಯವಂತರ ಮೂತ್ರವನ್ನು ವಿಜ್ಞಾನಿಗಳು ಸೋಸಿ ನೋಡಿದರು. 1993ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಜೆನಿಸ್ಟೀನ್ ಎಂಬ ವಸ್ತು ರಕ್ತನಾಳದ ಕೋಶಗಳು ಹೆಚ್ಚುವುದನ್ನು ತಡೆಯಿತು. ಇದು ಸೋಯಾದಲ್ಲಿ ಜಾಸ್ತಿ. ನಮ್ಮ ಹಿಂಗಾರಿನ ಕಡಲೆಯಲ್ಲಿ ಇದರ ಹತ್ತಿರದ ಸಂಬಂಧಿ ಬಯೋಕಾನಿನ್-ಎ ಇದೆ. ದೇಹದೊಳಗೆ ಹೋದ ಮೇಲೆ ಅದರಲ್ಲಿ ಒಂದಿಷ್ಟು ಜೆನಿಸ್ಟೀನ್ ಆಗುತ್ತದೆ, ಆದರೆ ಪ್ರಮಾಣ ಸಣ್ಣದು. 1999ರಲ್ಲಿ ಇಲಿಗಳಿಗೆ ನೀರಿನ ಬದಲು ಗ್ರೀನ್ ಟೀ ಕುಡಿಸಿದಾಗ ಹೊಸ ನಾಳ ಬೆಳೆಯುವುದು ಕಡಿಮೆಯಾಯಿತು. ಅದಕ್ಕೆ ಒಂದು ವರ್ಷ ಮೊದಲೇ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತು ಕೂಡ ಪ್ರಾಣಿಗಳಲ್ಲಿ ಇದೇ ಕೆಲಸ ಮಾಡಿ ತೋರಿಸಿತ್ತು.

ಇಂಥದ್ದನ್ನು ಪರೀಕ್ಷಿಸುವ ಒಂದು ವಿಧಾನ ನೋಡಲು ಸರಳ. ಮರಿಯಾಗುವ ಕೋಳಿ ಮೊಟ್ಟೆಯನ್ನು ಕೆಲವು ದಿನ ಬೆಚ್ಚಗಿಟ್ಟು, ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆಯುತ್ತಾರೆ. ಒಳಪೊರೆಯ ಮೇಲೆ ಕೆಂಪು ನಾಳಗಳು ಬೇರಿನ ಹಾಗೆ ಹರಡಿರುತ್ತವೆ. ಔಷಧದಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಯನ್ನು ಅದರ ಮೇಲಿಟ್ಟು ಮತ್ತೆ ಮುಚ್ಚುತ್ತಾರೆ. ವಸ್ತು ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ನಾಳಗಳೇ ಇಲ್ಲದ ಬೋಳು ಜಾಗ ಕಾಣುತ್ತದೆ.

ಕರ್ನಾಟಕದಲ್ಲೇ ಈ ಬಗ್ಗೆ ಒಳ್ಳೆಯ ಕೆಲಸ ಆಗಿದೆ. ಮೈಸೂರು ವಿಶ್ವವಿದ್ಯಾಲಯದ ಭಾರತಿ ಸಾಲಿಮಠ ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಕರ್ಕ್ಯುಮಿನ್ ಕೊಟ್ಟ ಇಲಿಗಳಲ್ಲಿ ಕ್ಯಾನ್ಸರ್‌ನಿಂದ ಹೊಟ್ಟೆಯಲ್ಲಿ ತುಂಬುವ ನೀರು ಶೇ 66ರಷ್ಟು ಕಡಿಮೆಯಾಯಿತು. ಆದರೆ ಹೇಗೆ ಕೊಟ್ಟರು ಅನ್ನೋದನ್ನು ಗಮನಿಸಬೇಕು. ಇಲಿಗಳಿಗೆ ತಿನ್ನಿಸಲಿಲ್ಲ, ನೇರ ಹೊಟ್ಟೆಯೊಳಗೆ ಇಂಜೆಕ್ಷನ್ ಚುಚ್ಚಿದರು.

ಬಾಯಿಂದ ತಿಂದರೆ ಏನಾಗುತ್ತದೆ? ತಣ್ಣೀರಿಗೆ ಅರಿಶಿನ ಹಾಕಿ ಕಲಸಿ ಸ್ವಲ್ಪ ಹೊತ್ತು ಬಿಡಿ, ಪುಡಿ ತಳಕ್ಕೆ ಕೂರುತ್ತದೆ. ಬಿಸಿ ಎಣ್ಣೆಗೆ ಹಾಕಿ, ಎಣ್ಣೆಯೇ ಹಳದಿಯಾಗುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಕರುಳಿನಿಂದ ರಕ್ತಕ್ಕೆ ಸೇರುವುದು ಅತಿ ಕಡಿಮೆ, ಸೇರಿದ್ದನ್ನೂ ಲಿವರ್ ಬೇಗ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಸಾರ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ 2000ದಷ್ಟು ಹೆಚ್ಚಿತು. ಜಾಹೀರಾತುಗಳು ಈ ಅಂಕಿಯನ್ನು ಹಿಡಿದುಕೊಂಡವು. ಮೊದಲು ಇದ್ದದ್ದು ಎಷ್ಟು ಅಲ್ಪ ಅಂತ ಮಾತ್ರ ಯಾವ ಡಬ್ಬಿಯೂ ಹೇಳುವುದಿಲ್ಲ.

2008ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟ ಪ್ರಯೋಗದ ವರದಿ ಬಂತು. ಪರೀಕ್ಷಿಸಲು ಸಿಕ್ಕ 21 ಜನರಲ್ಲಿ ಇಬ್ಬರಿಗೆ ಮಾತ್ರ ಏನೋ ಪರಿಣಾಮ ಕಂಡಿತು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಅಂದರೆ 8 ಗ್ರಾಂ ಸಿಗಬೇಕಾದರೆ ದಿನಾ ಕಾಲು ಕೆಜಿಗಿಂತ ಜಾಸ್ತಿ ಪುಡಿ ತಿನ್ನಬೇಕು. ತೊಗರಿ ಬೇಳೆಗೆ ಹಾಕುವ ಚಿಟಿಕೆ ಅರಿಶಿನ ಖಂಡಿತ ಹಾಕಿ, ರುಚಿಗೂ ಬಣ್ಣಕ್ಕೂ ಅದು ಬೇಕೇ ಬೇಕು. ಕ್ಯಾಪ್ಸೂಲ್ ಮಾತು ಬೇರೆ. ಅರಿಶಿನದ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ 10 ಪ್ರಕರಣಗಳನ್ನು ಅಮೆರಿಕದ ತಜ್ಞರು 2022ರಲ್ಲಿ ವರದಿ ಮಾಡಿದರು, ಅವರಲ್ಲಿ ಒಬ್ಬರು ತೀರಿಕೊಂಡರು. ಕೀಮೋ ತೆಗೆದುಕೊಳ್ಳುವವರ ಲಿವರ್‌ಗೆ ಮೊದಲೇ ಹೊರೆ ಇರುತ್ತದೆ. ಇನ್ನೊಂದು ವಿಷಯ: ಗಾಯ ಮಾಯಲು, ಗರ್ಭದಲ್ಲಿ ಮಗು ಬೆಳೆಯಲು ಹೊಸ ರಕ್ತನಾಳ ಬೇಕೇ ಬೇಕು. ಬೆವಾಸಿಜುಮಾಬ್ ಕೊಡುವಾಗ ಆಪರೇಷನ್ ಆಸುಪಾಸಿನಲ್ಲಿ ವಾರಗಟ್ಟಲೆ ನಿಲ್ಲಿಸುವುದು ಇದಕ್ಕೇ.

ಹಾಗಾದರೆ ಗಿಡದಿಂದ ನಿಜವಾದ ಔಷಧ ಬಂದೇ ಇಲ್ಲವಾ? ಬಂದಿದೆ, ಅದೂ ನಮ್ಮ ಅಂಗಳದಲ್ಲೇ ಇರುವ ಗಿಡದಿಂದ. ಬಿರುಬಿಸಿಲಿನಲ್ಲೂ ಗುಲಾಬಿ, ಬಿಳಿ ಹೂ ಬಿಡುವ ನಿತ್ಯಪುಷ್ಪದ ಎಲೆ ಜಗಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಅನ್ನೋರು ಈಗಲೂ ಇದ್ದಾರೆ. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1950ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ಸಾರ ಕುಡಿಸಿದಾಗ ಪ್ರಾಣಿಗಳ ಸಕ್ಕರೆ ಇಳಿಯಲಿಲ್ಲ. ಚುಚ್ಚಿದಾಗ ಬಿಳಿ ರಕ್ತಕಣಗಳು ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಆ ವಿಷದಿಂದಲೇ ವಿನ್‌ಬ್ಲಾಸ್ಟಿನ್ ಹೊರಬಂತು, ಅದೇ ಗಿಡದಿಂದ ಮುಂದೆ ವಿನ್‌ಕ್ರಿಸ್ಟಿನ್ ಬಂತು. ಮಕ್ಕಳ ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ. ಎಲೆಯಲ್ಲಿ ವಿನ್‌ಬ್ಲಾಸ್ಟಿನ್ ಇರುವ ಪ್ರಮಾಣ ಎಷ್ಟು ಕಡಿಮೆ ಅಂದರೆ ಒಂದು ಗ್ರಾಂ ತೆಗೆಯಲು ನೂರಾರು ಕೆಜಿ ಒಣ ಎಲೆ ಬೇಕು.

2000ರಲ್ಲಿ ಟೊರಾಂಟೊದ ರಾಬರ್ಟ್ ಕೆರ್ಬೆಲ್ ತಂಡ ಇದೇ ವಿನ್‌ಬ್ಲಾಸ್ಟಿನ್ ಅನ್ನು ಸಣ್ಣ ಪ್ರಮಾಣದಲ್ಲಿ, ಬಿಡುವು ಕೊಡದೆ, ವಿಇಜಿಎಫ್ ದಾರಿ ಮುಚ್ಚುವ ಪ್ರತಿಕಾಯದ (ಆ್ಯಂಟಿಬಾಡಿ) ಜೊತೆ ಇಲಿಗಳಿಗೆ ಕೊಟ್ಟಿತು. ಗಡ್ಡೆಯ ರಕ್ತನಾಳಗಳು ಸೊರಗಿದವು. ದೊಡ್ಡ ಡೋಸ್‌ನ ಬದಲು ಸಣ್ಣ ಡೋಸ್ ನಿರಂತರವಾಗಿ ಕೊಡುವ ಈ ಪದ್ಧತಿಗೆ ಮೆಟ್ರೊನಾಮಿಕ್ ಚಿಕಿತ್ಸೆ ಅಂತ ಹೆಸರಾಯಿತು. ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಇಷ್ಟೊಂದು ಕಾಣುವ ನಮ್ಮ ಭಾಗಕ್ಕೆ ಇದು ಬಹಳ ಮುಖ್ಯ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು, ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಇದೇ ಪದ್ಧತಿಯಲ್ಲಿ ಕೊಟ್ಟ ಬೇರೆ ಔಷಧಗಳ ಅಗ್ಗದ ಮಾತ್ರೆಗಳನ್ನು ಸಿಸ್‌ಪ್ಲಾಟಿನ್ ಎಂಬ ಕೀಮೋ ಇಂಜೆಕ್ಷನ್ ಜೊತೆ ಹೋಲಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ಇಂಜೆಕ್ಷನ್ ಪಡೆದವರ ಮಧ್ಯಮ ಆಯುಸ್ಸು, ಅಂದರೆ ಅರ್ಧದಷ್ಟು ಜನ ಬದುಕಿದ್ದ ಅವಧಿ, 6.1 ತಿಂಗಳು. ಮನೆಯಲ್ಲೇ ಮಾತ್ರೆ ನುಂಗಿದವರದ್ದು 7.5 ತಿಂಗಳು, ಗಂಭೀರ ಅಡ್ಡಪರಿಣಾಮಗಳೂ ಅವರಲ್ಲಿ ಕಡಿಮೆ.